ಒಂದು ಗುಳಿಗೆಗಾಗಿ

ಎಚ್.ಐ.ವಿ. ತಾಯಿಯಿಂದ ಕೂಸಿಗೂ ಹರಡಬಹುದು. ಇದನ್ನು ತಡೆಯಬಹುದು ಅಕ್ಕಾ.

1999ರಲ್ಲಿ ಆಫ್ರಿಕಾದ ಉಗಾಂಡ ದೇಶದಿಂದ ಒಂದು ಸಂಶೋಧನೆಯ ಸುದ್ದಿ ಬಂತು. ಹೆರಿಗೆ ನೋವು ಬಂದಾಗ ತಾಯಿಗೆ ಒಂದು ಗುಳಿಗೆ. ಹುಟ್ಟಿದ ಕೂಸಿಗೆ ಒಂದು ಸಲ ಔಷಧ. ಸೋಂಕು ಸುಮಾರು ಅರ್ಧ ತಗ್ಗಿತು. ಗುಳಿಗೆಯ ಹೆಸರು ನೆವಿರಪಿನ್.

ದಕ್ಷಿಣ ಆಫ್ರಿಕಾ ಇನ್ನೊಂದು ದೇಶ. ಅಲ್ಲಿನ ಸರ್ಕಾರ ಈ ಗುಳಿಗೆಯನ್ನು ಕೆಲವೇ ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಟ್ಟಿತು. ಕಂಪನಿ ಪುಕ್ಕಟೆ ಕೊಡುತ್ತೇನೆ ಅಂದರೂ ಹೀಗೆ! ಬೇರೆ ಊರಿನ ಬಸುರಿ ಎಲ್ಲಿಗೆ ಹೋಗಬೇಕು? ಜನ ಒಟ್ಟಾದರು. ಮೆರವಣಿಗೆ ಮಾಡಿದರು. ಕೋರ್ಟಿಗೂ ಹೋದರು. 2002ರಲ್ಲಿ ಗೆದ್ದರು. ಉಳಿದ ಸರ್ಕಾರಿ ಆಸ್ಪತ್ರೆಗಳಲ್ಲೂ ಕೊಡಿ ಎಂದು ಕೋರ್ಟು ಹೇಳಿತು.

ಈಗ ಇನ್ನೂ ಒಳ್ಳೆಯ ಔಷಧಗಳಿವೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತಪರೀಕ್ಷೆ ಪುಕ್ಕಟೆ. ಸೋಂಕಿದ್ದರೆ ಗುಳಿಗೆಯೂ ಪುಕ್ಕಟೆ. ಅದನ್ನು ದಿನಾ ನುಂಗಬೇಕು. ಬಸುರಿ ಅಂತ ಗೊತ್ತಾದ ಕೂಡಲೇ ಪರೀಕ್ಷೆ ಕೇಳಿ. ಗಂಡನೂ ಮಾಡಿಸಲಿ.