ಕಾಣದ ಗಾಯ



ವಿಜಯನಗರದಿಂದ ಬರುವ ನಮ್ಮ ವಿದ್ಯಾರ್ಥಿನಿಯೊಬ್ಬಳು ದೀಪಾವಳಿಯ ರಜೆ ಕಳೆದ ಮೇಲೆ ನಮ್ಮ ಬಳಿಗೆ ಬಂದು, "ಮೇಡಂ, ಪಟಾಕಿ ಸಿಡಿದೊಡನೆ ತಂದೆಯವರು ಅಡಿಗೆಮನೆಗೆ ಹೋಗಿ ಬಾಗಿಲಿಕ್ಕಿಕೊಂಡರು. ನನ್ನ ಮೇಲೆ ಕೋಪವೋ ಏನೋ!" ಎಂದು ಅತ್ತಳು. ಆಕೆಯ ತಂದೆಯವರು ಸೈನ್ಯದಿಂದ ನಿವೃತ್ತರಾದವರು. ಅಂತಹ ಮನೆಗಳು ರಾಜಾಜಿನಗರ, ಕೆಂಗೇರಿಗಳಲ್ಲಿಯೂ ಇರುವುದರಿಂದ, ಆಕೆಗೆ ತಿಳಿಸಿದುದನ್ನೇ ನಿಮಗೆಲ್ಲರಿಗೂ ಪಾಠವಾಗಿ ಬರೆಯುತ್ತೇವೆ.

ಅದು ಕೋಪವಲ್ಲ, ಹೇಡಿತನವಂತೂ ಅಲ್ಲ, ಮನಸ್ಸಿಗಾದ ಗಾಯವಿರಬಹುದು. ಮರಣವನ್ನು ಹತ್ತಿರದಿಂದ ಕಂಡವರಲ್ಲಿ ಕೆಲವರಿಗೆ ಆ ನೋಟವು ಕನಸಿನಲ್ಲಿಯೂ ಎಚ್ಚರದಲ್ಲಿಯೂ ಮರುಕಳಿಸುತ್ತದೆ. ಅವರು ಸಣ್ಣ ಸದ್ದಿಗೂ ಬೆಚ್ಚುವರು, ನಿದ್ರೆಗೆಡುವರು, ಆ ನೆನಪನ್ನು ತರುವ ಮಾತನ್ನೇ ದೂರವಿಡುವರು, ಹೆಂಡತಿ ಮಕ್ಕಳೊಡನೆಯೂ ಬೆರೆಯಲಾರರು. ಇವೆಲ್ಲ ಒಂದು ತಿಂಗಳಿಗೂ ಮೀರಿ ನಿಂತು ಬಾಳನ್ನು ಕೆಡಿಸಿದಲ್ಲಿ, ವೈದ್ಯರು ಅದನ್ನು ಆಘಾತೋತ್ತರ ಮನೋವ್ಯಾಧಿ, ಅಂದರೆ ಪಿ.ಟಿ.ಎಸ್.ಡಿ. ಎಂದು ಗುರುತಿಸುವರು.

1914ರಲ್ಲಿ ಮೊದಲಾದ ಮಹಾಯುದ್ಧದ ಕಾಲಕ್ಕೆ ಇದನ್ನು 'ಷೆಲ್ ಷಾಕ್' ಎಂದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ಆ ಹೆಸರಿನಿಂದ ಇದರ ವಿಷಯವಾಗಿ ಬರೆದರು. ಆದರೂ ಹೀಗೆ ನೊಂದ ಎಷ್ಟೋ ಸಿಪಾಯಿಗಳು ಹೇಡಿಗಳೆನಿಸಿಕೊಂಡರು. ಅದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಜೋಧಪುರದವರೊಡನೆ ಸೇರಿ ಹೈಫಾ ಪಟ್ಟಣವನ್ನು ಗೆದ್ದಿತು. ಮಡಿದ ವೀರರಿಗಾಗಿ ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕಸ್ತಂಭವುಂಟು. ಆದರೆ ಯಾವ ಯುದ್ಧದಿಂದಲೇ ಆಗಲಿ ಮನೆಗೆ ಮರಳಿ, ಇರುಳೆಲ್ಲ ನಿದ್ರೆಯಿಲ್ಲದೆ ಕಳೆದವರಿಗೆ ಕಲ್ಲು ನೆಟ್ಟವರಾರು? 1980ರಲ್ಲಿ ಮಾತ್ರವೇ ಅಮೆರಿಕದ ಮನೋವೈದ್ಯರ ಸಂಘವು ಈ ವ್ಯಾಧಿಗೆ ಇಂದಿನ ಹೆಸರನ್ನಿತ್ತಿತು.

ಈ ಗಾಯಕ್ಕೆ ಚಿಕಿತ್ಸೆಯುಂಟು. ತರಬೇತಿ ಪಡೆದವರು ರೋಗಿಯೊಡನೆ ವಾರವಾರವೂ ಮಾತನಾಡಿ, ಆ ನೆನಪನ್ನು ಸ್ವಲ್ಪಸ್ವಲ್ಪವಾಗಿ ಎದುರಿಸಲು ಕಲಿಸುವರು. ಬೇಕಾದಲ್ಲಿ ಔಷಧವನ್ನೂ ಕೊಡುವರು. ನಮ್ಮ ನಗರದ ನಿಮ್ಹಾನ್ಸ್ ಇದಕ್ಕೆ ಹೆಸರಾದುದು. 1847ರಲ್ಲಿ ಹುಚ್ಚರ ಆಶ್ರಯವೆನಿಸಿದ್ದ ಸಂಸ್ಥೆಯನ್ನು 1925ರಲ್ಲಿ ಮೈಸೂರು ಸರ್ಕಾರವು ಮಾನಸಿಕ ಆಸ್ಪತ್ರೆಯೆಂದು ಕರೆಯಿತು. ಅದೇ ಬೆಳೆದು 1974ರಲ್ಲಿ ನಿಮ್ಹಾನ್ಸ್ ಆಯಿತು. ಹೆಸರು ಬದಲಾದಂತೆ ನಮ್ಮ ನಾಚಿಕೆಯೂ ತೊಲಗಬೇಡವೇ? 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಎಂಬ ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಮಗಳಾದವಳು ಏನು ಮಾಡಬೇಕು? ಹಿಂದಿನಿಂದ ಬಂದು ತಟ್ಟನೆ ಮುಟ್ಟಬಾರದು. ಯುದ್ಧದ ಕಥೆಯನ್ನು ಕೆದಕಬಾರದು. "ಮರೆತುಬಿಡಿ" ಎಂದು ಉಪದೇಶಿಸಲೂ ಬಾರದು. ಅವರಾಗಿ ಹೇಳಿದರೆ ತಾಳ್ಮೆಯಿಂದ ಕೇಳಬೇಕು. ಕುಡಿತ ಹೆಚ್ಚಿದರೆ, ಅಥವಾ ಅವರು ಸಾವಿನ ಮಾತನ್ನಾಡಿದರೆ, ಒಡನೆಯೇ ಹಿರಿಯರಿಗೆ ತಿಳಿಸತಕ್ಕದ್ದು. ಈ ಭಾರವನ್ನು ಒಬ್ಬಳೇ ಹೊರುವುದು ಮಗುವಿನ ಕರ್ತವ್ಯವಲ್ಲ.

ಆ ಬಾಲಕಿಯು ಅಂದು ಸಂಜೆ ತಂದೆಯವರ ಪಕ್ಕದಲ್ಲಿ ಸುಮ್ಮನೆ ಕುಳಿತಳಂತೆ. ಬಹಳ ಹೊತ್ತಿನ ಮೇಲೆ ಅವರೇ, "ನಿನ್ನ ಮೇಲೆ ಕೋಪವಿಲ್ಲಮ್ಮಾ" ಎಂದರಂತೆ. ಮರುವಾರ ತಾಯಿಯವರು ಅವರನ್ನು ವೈದ್ಯರಲ್ಲಿಗೆ ಕರೆದೊಯ್ದರು.