ವಾರ್ಡಿನ ಸಭೆಯಲ್ಲಿ ಮೌನವಾಗಿ ಕುಳಿತವರು



ವಾರ್ಡಿನ ಸಭೆಯೆಂದರೆ ನಮ್ಮಲ್ಲಿ ಅನೇಕರಿಗೆ ಜಪಸರ, ಬೈಬಲ್ ವಾಚನ, ಗುರ್ಕಾರರ ಪ್ರಕಟಣೆ, ಕೊನೆಗೆ ಚಹಾ. ಮೊಂತಿ ಹಬ್ಬಕ್ಕೆ ಎಷ್ಟು ಖರ್ಚು ಮಾಡಬೇಕು, ಮಾಡು ಸೋರುವ ಬಡವರ ಮನೆಗೆ ಎಷ್ಟು ಕೊಡಬೇಕು ಎಂಬ ಪ್ರಶ್ನೆ ಬಂದಾಗ ಮೂರು ನಾಲ್ಕು ಮಂದಿ ಮಾತನಾಡುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ, ಮನೆಗೆ ಹೋಗುವ ದಾರಿಯಲ್ಲಿ ಗೊಣಗುತ್ತಾರೆ. ಕೆಲಸದ ದಿನ ಅವರು ಕಾಣಿಸುವುದಿಲ್ಲ. ಮೌನವನ್ನು ಒಪ್ಪಿಗೆಯೆಂದು ತಿಳಿದರೆ ಹೀಗಾಗುತ್ತದೆ.

ಆದಿ ಕ್ರೈಸ್ತರಲ್ಲೂ ಗೊಣಗಾಟವಿತ್ತು. ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯವನ್ನು ಓದಿರಿ. ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗಿದೆ ಎಂದು ಗ್ರೀಕ್ ಮಾತನಾಡುವವರು ದೂರಿದರು. ಪ್ರೇಷಿತರು ಅವರ ಬಾಯಿ ಮುಚ್ಚಿಸಲಿಲ್ಲ. ಶಿಷ್ಯರೆಲ್ಲರನ್ನೂ ಒಟ್ಟುಗೂಡಿಸಿ, ಏಳು ಮಂದಿಯನ್ನು ನೀವೇ ಆರಿಸಿರಿ ಎಂದರು. ಸ್ತೆಫನನೂ ಸೇರಿ ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ! ನೊಂದವರ ಕಡೆಯವರಿಗೇ ಹಂಚಿಕೆಯ ಹೊಣೆಯನ್ನು ಒಪ್ಪಿಸಿದಂತೆ ಕಾಣುತ್ತದೆ.

ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ 3ನೇ ಅಧ್ಯಾಯದಲ್ಲಿ ಇದನ್ನೇ ಕಲಿಸಿದರು. ಮುಖ್ಯ ವಿಷಯ ಬಂದಾಗ ಮಠಾಧಿಪತಿ ಎಲ್ಲ ಸಹೋದರರನ್ನೂ ಕರೆದು ಕೇಳಬೇಕು, ಏಕೆಂದರೆ ಉತ್ತಮವಾದುದನ್ನು ದೇವರು ಎಷ್ಟೋ ಸಲ ಕಿರಿಯನಿಗೆ ತೋರಿಸಿಕೊಡುತ್ತಾರೆ.

"ಧರ್ಮಸಭೆಯ ಕಾನೂನಿನ 536ನೇ ವಿಧಿಯಂತೆ ಪಾಲನಾ ಪರಿಷತ್ತಿಗಿರುವುದು ಸಲಹೆ ನೀಡುವ ಹಕ್ಕು ಮಾತ್ರ. ಮತ್ತೆ ಮಾತನಾಡಿ ಏನು ಫಲ?" ಎಂದು ನೀವು ಕೇಳಬಹುದು. ಸಲಹೆಯೆಂದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ಮಾತಲ್ಲ. ಕೇಳಿದ ಗುರುಗಳು ಅದನ್ನು ತೂಗಿ ನೋಡಬೇಕು. ಒಪ್ಪದಿದ್ದರೆ ಕಾರಣ ಹೇಳಬೇಕು.

2023 ಮತ್ತು 2024ರ ಅಕ್ಟೋಬರ್‌ನಲ್ಲಿ ವ್ಯಾಟಿಕನ್‌ನಲ್ಲಿ ನಡೆದ ಸಿನೊಡ್‌ನಲ್ಲಿ ಧರ್ಮಾಧ್ಯಕ್ಷರೂ ಶ್ರೀಸಾಮಾನ್ಯರೂ ದುಂಡು ಮೇಜುಗಳ ಸುತ್ತ ಕುಳಿತರು. ಅವರು ಅನುಸರಿಸಿದ ಕ್ರಮ ನಮ್ಮ ವಾರ್ಡಿಗೂ ಒಗ್ಗುತ್ತದೆ. ಮೊದಲು ಪ್ರಾರ್ಥನೆ. ಬಳಿಕ ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ಸ್ವಲ್ಪ ಹೊತ್ತು ಮಾತನಾಡಬೇಕು. ನಡುವೆ ಯಾರೂ ಬಾಯಿ ಹಾಕಬಾರದು. ಅನಂತರ ಕೆಲವು ನಿಮಿಷ ಮೌನ. ಎರಡನೇ ಸುತ್ತಿನಲ್ಲಿ, ಇತರರ ಮಾತಿನಲ್ಲಿ ತಮ್ಮ ಹೃದಯಕ್ಕೆ ತಟ್ಟಿದ್ದನ್ನು ಹೇಳಬೇಕು. ಮೂರನೇ ಸುತ್ತಿನಲ್ಲಿ ಎಲ್ಲರೂ ಕೂಡಿ ದಾರಿ ಹುಡುಕಬೇಕು. ಒಮ್ಮತ ಬಾರದಿದ್ದರೆ ಭಿನ್ನಮತವನ್ನೂ ಬರೆದಿಡಬೇಕು.

ಮುಂದಿನ ಸಭೆಯಲ್ಲಿ ಹೀಗೆ ಮಾಡಿ ನೋಡಿ. ಗುರ್ಕಾರರೇ, ನೀವು ಕೊನೆಗೆ ಮಾತನಾಡಿರಿ. ಬಾಗಿಲ ಬಳಿ ಕುಳಿತ ಆ ವಿಧವೆ ತಾಯಿಯನ್ನು, ಯುವಕರನ್ನು ಮೊದಲು ಕೇಳಿರಿ. ಮಾಡು ಸೋರುವುದು ಯಾರ ಮನೆಯಲ್ಲೆಂದು ಅವರಿಗೆ ಗೊತ್ತಿರಬಹುದು.