ಚಳಿಗೆ ಕೋಳಿಗೂಡಿನ ಸುತ್ತ ಟಾರ್ಪಾಲ್ ಕಟ್ಟೋ ಮುಂಚೆ

ಕಳೆದ ವಾರ ಪಕ್ಕದ ಬೀದಿಯ ಹುಡುಗ ಫೋನ್ ಹಿಡ್ಕೊಂಡು ಬಂದ. "ಅಕ್ಕಾ, ಈ ವಿಡಿಯೋ ನೋಡಿ. ಚಳಿಗೆ ಗೂಡನ್ನ ಹಿಂಗೆ ಪೂರ್ತಿ ಪ್ಯಾಕ್ ಮಾಡ್ಬೇಕಂತೆ. ನಾನೂ ಟಾರ್ಪಾಲ್ ತಂದಿದ್ದೀನಿ." ವಿಡಿಯೋದಲ್ಲಿ ಗೂಡಿನ ಮೇಲೆ ಮೊಳ ಎತ್ತರ ಹಿಮ. ನಾವಿರೋದು ವಿಮಾನಪುರದಲ್ಲಿ.

ನಮ್ಮ ಚಳಿ ಎಷ್ಟು ಅಂತ ಮೊದಲು ನೋಡೋಣ. ಬೆಂಗಳೂರಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಈಗ ಜನವರಿ ರಾತ್ರಿಗಳು ಸಾಮಾನ್ಯವಾಗಿ 15-16 ಡಿಗ್ರಿ ಆಸುಪಾಸು ಇರ್ತವೆ. ಕೋಳಿಯ ಮೈಬಿಸಿ 41 ಡಿಗ್ರಿ. ಪುಕ್ಕ ಉಬ್ಬಿಸಿ, ಒಂದು ಕಾಲು ಹೊಟ್ಟೆಯೊಳಗೆ ಎಳ್ಕೊಂಡು ಕೂತ ದೊಡ್ಡ ಕೋಳಿಗೆ ಈ ಚಳಿ ಏನೂ ಅಲ್ಲ. ಲೇಹ್‌ನಲ್ಲಿ ಮೈನಸ್ 15ಕ್ಕೂ ಕೆಳಗೆ ಹೋಗುತ್ತೆ, ಅಲ್ಲೂ ಕೋಳಿ ಸಾಕ್ತಾರೆ.

ಹಾಗಾದ್ರೆ ಡಿಸೆಂಬರ್-ಜನವರಿಯಲ್ಲಿ ನಮ್ಮ ಕೋಳಿಗಳು ಯಾಕೆ ಸಾಯ್ತವೆ? ನನಗೆ ಇದು ಗೊತ್ತಾಗಿದ್ದು ನಷ್ಟ ಮಾಡ್ಕೊಂಡ ಮೇಲೆ. 2022ರ ಡಿಸೆಂಬರ್‌ನಲ್ಲಿ ಮಾಂಡೌಸ್ ಚಂಡಮಾರುತ ಮಾಮಲ್ಲಪುರದ ಹತ್ರ ದಡ ಮುಟ್ಟಿದಾಗ ಇಲ್ಲಿ ದಿನಗಟ್ಟಲೆ ಜಿಟಿಜಿಟಿ ಮಳೆ, ಶೀತಗಾಳಿ. ನನ್ನ ಹತ್ರ ನಾಲ್ಕು ವಾರದ 20 ಮರಿಗಳಿದ್ದವು. ಗಾಬರಿಯಲ್ಲಿ ನಾಲ್ಕೂ ಕಡೆ ಟಾರ್ಪಾಲ್ ಬಿಗಿದೆ, ಮೇಲಿನ ಸಂದಿಗೆ ಗೋಣಿಚೀಲ ತುರುಕಿದೆ. ಒಂದು ವಾರ ಹಾಗೇ ಬಿಟ್ಟೆ. ಹೊಟ್ಟು ಒದ್ದೆಯಾಗಿ ಹೆಪ್ಪುಗಟ್ಟಿತ್ತು. ಮರಿಗಳು ರೆಕ್ಕೆ ಇಳಿಬಿಟ್ಟು ಕೂತವು, ಹಿಕ್ಕೆಯಲ್ಲಿ ರಕ್ತ. ಏಳು ಸತ್ತವು. ಪಶುವೈದ್ಯರು ಒಂದನ್ನ ಕೊಯ್ದು ರಕ್ತ ತುಂಬಿದ ಕರುಳು ತೋರಿಸಿ, "ಚಳಿಗೆ ಸತ್ತಿದ್ದಲ್ಲಮ್ಮ, ಗೂಡಿನ ತೇವಕ್ಕೆ ಸತ್ತಿದ್ದು" ಅಂದ್ರು. ಅದು ಕಾಕ್ಸಿಡಿಯೋಸಿಸ್, ನಾವು ರಕ್ತಭೇದಿ ಅಂತೀವಲ್ಲ ಅದೇ. ಆ ರೋಗಾಣು ಬಲಿಯೋದಕ್ಕೆ ಬೇಕಾಗಿದ್ದೇ ಒದ್ದೆ ಹಾಸು ಮತ್ತು ಬಿಸಿ. ಎರಡನ್ನೂ ನಾನೇ ಒದಗಿಸಿದ್ದೆ. ತೋಟಗಾರಿಕೆ ಓದಿದವಳು, ಸಸಿಮಡಿಯಲ್ಲಿ ತೇವ ಹೆಚ್ಚಾದ್ರೆ ಬುಡ ಕೊಳೆಯುತ್ತೆ ಅಂತ ಊರಿಗೆಲ್ಲ ಹೇಳೋಳು.

ತೇವ ಎಲ್ಲಿಂದ ಬರುತ್ತೆ ಅಂದ್ರೆ, ಕೋಳಿಯಿಂದಲೇ. ಒಂದು ದೊಡ್ಡ ಕೋಳಿ ದಿನಕ್ಕೆ ಸುಮಾರು 110-120 ಗ್ರಾಂ ಮೇವು ತಿಂದು ಅದರ ಎರಡರಷ್ಟು ನೀರು ಕುಡಿಯುತ್ತೆ. ಹತ್ತು ಕೋಳಿ ಅಂದ್ರೆ ಎರಡು ಲೀಟರ್‌ಗಿಂತ ಜಾಸ್ತಿ. ಅದರಲ್ಲಿ ಬಹುಪಾಲು ಉಸಿರಲ್ಲಿ, ಹಿಕ್ಕೆಯಲ್ಲಿ ಆಚೆ ಬರುತ್ತೆ. ಗಾಳಿ ಆಡದಿದ್ರೆ ಅದು ಹೊಟ್ಟಿನಲ್ಲೇ ಉಳಿಯುತ್ತೆ, ಹಿಕ್ಕೆ ಕೊಳೆತು ಅಮೋನಿಯಾ ಏಳುತ್ತೆ. ಅಮೋನಿಯಾ ಶ್ವಾಸನಾಳ ಸುಟ್ಟ ಮೇಲೆ ಗೊರಗೊರ ಸದ್ದು, ಮೂಗಲ್ಲಿ ಸಿಂಬಳ ಶುರು. ಹಿಮ ಬೀಳೋ ಊರುಗಳಲ್ಲೂ ಅನುಭವಸ್ಥರು ಗೂಡಿನ ಮೇಲ್ಭಾಗ ತೆರೆದೇ ಇಡ್ತಾರೆ. ಅಲ್ಲಿ ತೇವ ಕಟ್ಟಿಕೊಂಡ್ರೆ ಕೋಳಿ ಜುಟ್ಟೇ ಹೆಪ್ಪುಗಟ್ಟಿ ಕಪ್ಪಾಗುತ್ತೆ.

ಈಗ ನಾನು ಮಾಡೋದು ಇಷ್ಟು. ಚಳಿಗಾಲದಲ್ಲಿ ನಮಗೆ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬೀಸುತ್ತೆ. ಆ ಎರಡು ಕಡೆ ಮಾತ್ರ ಟಾರ್ಪಾಲ್, ಅದೂ ಕೋಳಿ ಕೂರೋ ಅಡ್ಡಗೋಲಿಗಿಂತ ಸ್ವಲ್ಪ ಮೇಲಿನವರೆಗೆ. ಅದರ ಮೇಲೆ, ಸೂರಿನ ಕೆಳಗೆ, ಅರ್ಧ ಗೇಣು ಜಾಗ ಖಾಲಿ. ಆ ಸಂದಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ ಹೊಡೆದಿದ್ದೀನಿ, ಹೆಗ್ಗಣಕ್ಕೆ ನಮ್ಮ ಬೀದೀಲಿ ಬರ ಇಲ್ಲ. ಬಿಸಿಲು ಬಂದ ತಕ್ಷಣ ಟಾರ್ಪಾಲ್ ಸುತ್ತಿ ಮೇಲೆ ಕಟ್ತೀನಿ. ಭತ್ತದ ಹೊಟ್ಟು ಮೂರು ಇಂಚು, ದಿನಾ ಕೆದಕೋದು. ನೀರಿನ ಡಬ್ಬದ ಸುತ್ತ ಒದ್ದೆಯಾಗಿದ್ದನ್ನ ಅವತ್ತೇ ತೆಗೆಯೋದು.

ಪರೀಕ್ಷೆಗೆ ಯಾವ ಮೀಟರೂ ಬೇಡ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಕೋಳಿ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಉಸಿರು ಎಳ್ಕೊಳ್ಳಿ. ಕಣ್ಣು ಉರಿದ್ರೆ ಗಾಳಿ ಸಾಲ್ತಾ ಇಲ್ಲ. ಒಂದು ಹಿಡಿ ಹೊಟ್ಟು ಹಿಂಡಿ. ಉಂಡೆ ಕಟ್ಟಿದ್ರೆ ಬದಲಾಯಿಸಿ.

ಮರಿಗಳ ಮಾತೇ ಬೇರೆ. ಅವಕ್ಕೆ ನಿಜವಾಗ್ಲೂ ಬಿಸಿ ಬೇಕು: ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸ್ತಾ ಹೋಗಿ. ಮರಿಗೆ 2 ವ್ಯಾಟ್ ಲೆಕ್ಕದಲ್ಲಿ ಹಳೇ ಥರದ ಬುರುಡೆ ಬಲ್ಬ್ ಹಾಕಿ. ಈಗಿನ ಎಲ್‌ಇಡಿ ಬೆಳಕು ಕೊಡುತ್ತೆ, ಬಿಸಿ ಕೊಡಲ್ಲ. ಇದು ಗೊತ್ತಿಲ್ಲದೆ ಮರಿ ಕಳ್ಕೊಂಡವರಿದ್ದಾರೆ. ಮರಿಗಳು ಬಲ್ಬ್ ಕೆಳಗೆ ಒಂದರ ಮೇಲೊಂದು ಬಿದ್ದಿದ್ರೆ ಚಳಿ, ಅಂಚಿಗೆ ಹೋಗಿ ಬಾಯಿ ತೆರೆದಿದ್ರೆ ಸೆಕೆ, ಎಲ್ಲ ಒಂದೇ ಮೂಲೆಗೆ ಸೇರಿದ್ರೆ ಇನ್ನೊಂದು ಕಡೆಯಿಂದ ಗಾಳಿ ಹೊಡೀತಿದೆ. ಕರೆಂಟ್ ಹೋದ್ರೆ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಇಡಿ. ಮುಚ್ಚಿದ ಗೂಡಲ್ಲಿ ಇದ್ದಿಲಿನ ಕೆಂಡ ಮಾತ್ರ ಬೇಡವೇ ಬೇಡ, ಅದರ ವಿಷಗಾಳಿಗೆ ವಾಸನೆಯೇ ಇರಲ್ಲ.

ರಾಣಿಖೇತ್ ರೋಗಕ್ಕೆ ಮೊದಲ ವಾರದಲ್ಲಿ ಲಸೋಟ ಹನಿ, ನಾಲ್ಕನೇ ವಾರ ಇನ್ನೊಮ್ಮೆ, ಎಂಟನೇ ವಾರ ಆರ್‌2ಬಿ ಚುಚ್ಚುಮದ್ದು. ಚಳಿಗಾಲ ಅಂತ ಮುಂದಕ್ಕೆ ಹಾಕ್ಬೇಡಿ.

ಮೊಟ್ಟೆ ಕಮ್ಮಿಯಾಯ್ತು ಅಂತ ಕೇಳೋರಿಗೆ: ಅದಕ್ಕೆ ಚಳಿಗಿಂತ ಬೆಳಕು ಕಾರಣ. ಡಿಸೆಂಬರ್ ಕೊನೆಗೆ ನಮ್ಮ ಹಗಲು 11 ಗಂಟೆ 20 ನಿಮಿಷದಷ್ಟೇ, ಚೆನ್ನಾಗಿ ಮೊಟ್ಟೆ ಇಡೋಕೆ 14 ಗಂಟೆ ಬೆಳಕು ಬೇಕು. ಪುಕ್ಕ ಉದುರಿಸ್ತಿದ್ರೂ ಮೊಟ್ಟೆ ನಿಲ್ಲುತ್ತೆ. ಇದಕ್ಕೆ ಎಲ್‌ಇಡಿ ಸಾಕು. ಟೈಮರ್ ಹಾಕಿ ಬೆಳಗಿನ ಜಾವ ಹೊತ್ತಿಸಿ. ಸಂಜೆ ಹಾಕಿದ್ರೆ ದಿಢೀರ್ ಆರಿದಾಗ ಕೋಳಿಗಳು ಕತ್ತಲಲ್ಲಿ ಅಡ್ಡಗೋಲು ಸಿಗದೆ ಪರದಾಡ್ತವೆ. ಆದರೆ 4 ಗಂಟೆಗೆ ಬಲ್ಬ್ ಹೊತ್ತಿದ್ರೆ 4 ಗಂಟೆಗೇ ಹುಂಜ ಕೂಗುತ್ತೆ. ನಮ್ಮ ಗೋಡೆ ಆಚೆ ನೈಟ್ ಶಿಫ್ಟ್ ಮುಗಿಸಿ ಮಲಗೋರಿದ್ದಾರೆ, ಹಾಗಾಗಿ ನಾನು ಹಾಕಲ್ಲ. ಎರಡು ತಿಂಗಳು ಮೊಟ್ಟೆ ಕಮ್ಮಿ, ಅಷ್ಟೇ.

ಆ ಹುಡುಗ ಟಾರ್ಪಾಲ್ ಅರ್ಧ ಕತ್ತರಿಸಿದ. ಉಳಿದಿದ್ದನ್ನ ನನ್ನ ಗೊಬ್ಬರದ ಗುಂಡಿಗೆ ಕೊಟ್ಟು ಹೋದ.